ನವಿಲುಹಸಿರು ಹೊಟ್ಟೆಯ ಹಕ್ಕಿ

ಮಾರ್ಚ್ 3, ಬೆಳಿಗ್ಗೆ 6.30

ಹಿತ್ತಲ ತಟ್ಟೆಗೆ ಕಾಳು ಹಾಕಿದೆ. ಪಕ್ಕದ ಬಟ್ಟಲಿಗೆ ಪುಟ್ಟಿ ನಲ್ಲಿ ನೀರು ತುಂಬಿದಳು, ಅರ್ಧ ಮೈಮೇಲೆ. ದಿನಾ ಬರೋ ದಂಡು ಬಂತು. ಜೊತೆಗೆ ಒಂದು ಹೊಸ ಮುಖ! ಪುಟಾಣಿ. ಬೆನ್ನು ಕಂದು, ಕೊಕ್ಕು ಮೋಟು, ಹೊಟ್ಟೆ ಮಾತ್ರ — ನವಿಲುಹಸಿರು. ನನ್ನ ಜನ್ಮದಲ್ಲಿ ಇಂಥದ್ದು ಕಂಡಿಲ್ಲ. "ಅಮ್ಮಾ, ಅದು ಫ್ರಾಕ್ ಹಾಕ್ಕೊಂಡಿದೆ" ಅಂದಳು ಮಗಳು. ನೋಡ್ತಾ ನಿಂತು ಹಾಲು ಉಕ್ಕಿಸಿಬಿಟ್ಟೆ. ಹೋಗ್ಲಿ.

ಮಾರ್ಚ್ 4

ಎದುರುಮನೆ ಹಕ್ಕಿ ಮೇಷ್ಟ್ರನ್ನ ಕರೆದೆ. ರಿಟೈರ್ ಆದಾಗಿನಿಂದ ಕತ್ತಿನ ಬೈನಾಕ್ಯುಲರ್ ಇಳಿಸಿಲ್ಲ ಮನುಷ್ಯ. ನೋಡಿದ್ರು. ಪುಸ್ತಕ ಹಿಂದೆ ಮುಂದೆ ಮಗುಚಿದ್ರು.

"ಕೊಕ್ಕು ಗುಬ್ಬೀದೇ. ಆದ್ರೆ ಈ ಹೊಟ್ಟೆ... ಇದು ಪುಸ್ತಕದಲ್ಲೇ ಇಲ್ಲ ಕಣಮ್ಮಾ."

"ಹಾಗಾದ್ರೆ?"

"ಹಾಗಾದ್ರೆ ಪುಸ್ತಕಕ್ಕೆ ನಾವೇ ಸೇರಿಸ್ಬೇಕು!"

ಖುಷಿಗೆ ಒಂದು ಚೊಂಬು ನೀರು ಗಟಗಟ ಕುಡಿದು ಹೋದ್ರು.

ನಮ್ಮ ಯಜಮಾನರು ಇವತ್ತೂ ಮಧ್ಯಾಹ್ನವೇ ಮನೆಗೆ. ಮೂರು ವಾರದಿಂದ ಹೀಗೇ. ನಾವಿಬ್ಬರೂ ದುಡಿಯೋ ಬಣ್ಣದ ಫ್ಯಾಕ್ಟರಿಯ ಕೊಳೆನೀರನ್ನ ಟ್ಯಾಂಕರಲ್ಲಿ ಶುದ್ಧೀಕರಣ ಪ್ಲಾಂಟಿಗೆ ಒಯ್ದು ಸುರಿಯೋ ಕೆಲಸ. ಮುಂಚೆ ಬರುವಾಗ ರಾತ್ರಿ ಎಂಟು. ಈಗ ಪುಟ್ಟೀನ ಸ್ಕೂಲಿಂದ ಇವರೇ ಕರ್ಕೊಂಡು ಬರ್ತಾರೆ. ನಾನು ಅಷ್ಟು ಜಗಳ ಆಡಿದ್ದು ಸಾರ್ಥಕ. ಹಕ್ಕಿ ವಿಷಯ ಹೇಳಿದೆ. "ಯಾವುದೋ ಗುಬ್ಬಿ, ಬಿಡೇ" ಅಂದ್ರು. ಎದ್ದು ನೋಡಲೂ ಇಲ್ಲ. ರಸಿಕರು!

ಮಾರ್ಚ್ 9

ಪುಟ್ಟಿಗೆ ಮತ್ತೆ ಹೊಟ್ಟೆನೋವು. ತುಟಿ ಸುತ್ತ ತುರಿಕೆ. ಹೊರಗೆ ಏನೋ ತಿಂದಿದ್ದಾಳೆ, ಚೆನ್ನಾಗಿ ನೀರು ಕುಡಿಸಿ ಅಂದ್ರು ಡಾಕ್ಟರ್. ಕುಡಿಸ್ತಿದ್ದೀನಿ, ಗದರಿ ಗದರಿ.

ಹಸಿರು ಹೊಟ್ಟೆಯವು ಈಗ ಮೂರು. ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ತಿಲ್ಲ. ಒಂದಕ್ಕೆ ನನ್ನ ಹೆಸರಿಡ್ತಾರಂತೆ.

ಮಾರ್ಚ್ 12, ಸಂಜೆ

ತಟ್ಟೆಯಲ್ಲಿ ಒಂದು ಗರಿ ಸಿಕ್ತು. ಉಗುರಿನಷ್ಟು. ಬೆಳಕಿಗೆ ಹಿಡಿದೆ. ಬಣ್ಣ ಎಲ್ಲೋ ನೋಡಿದ ಹಾಗಿದೆ... ಡಬ್ಬಿಗೆ ಹಾಕಿ ಬ್ಯಾಗಲ್ಲಿಟ್ಟಿದ್ದೀನಿ.

ಮಾರ್ಚ್ 13, ಲ್ಯಾಬ್, ಊಟದ ಹೊತ್ತು

ಬರೀಲೇಬೇಕು.

ಹದಿನಾರು ವರ್ಷದಿಂದ ಫ್ಯಾಕ್ಟರಿಯ ಈ ಲ್ಯಾಬಲ್ಲಿ ನನ್ನ ಕೆಲಸ ಬಣ್ಣದ ಶೇಡ್ ಹೊಂದಿಸೋದು. ಗರಿಯನ್ನ ಲೈಟ್ ಬಾಕ್ಸಲ್ಲಿಟ್ಟು ಶೇಡ್ ಕಾರ್ಡಿನ ನಂಬರುಗಳ ಜೊತೆ ಹೋಲಿಸಿದೆ. ನೂರಾ ಹದಿನೆಂಟು. ಕೂದಲೆಳೆ ವ್ಯತ್ಯಾಸ ಇಲ್ಲ. ಹನ್ನೊಂದು ಸಲ ಕಲಸಿ ಚೆಲ್ಲಿ, ಹೋದ ತಿಂಗಳು ನಾನೇ ಮಾಡಿದ್ದು. ಅದಕ್ಕೆ ಮುಂಚೆ ಈ ಬಣ್ಣ ಲೋಕದಲ್ಲೇ ಇರಲಿಲ್ಲ!

ಅದು ಬರೀ ಗುಬ್ಬಿ. ನನ್ನ ಬಣ್ಣದಲ್ಲಿ ಮಿಂದಿರೋ ಗುಬ್ಬಿ.

ಮೇಷ್ಟ್ರಿಗೆ ಫೋನ್ ಮಾಡಿ, ಗುಬ್ಬಿ ಎಷ್ಟು ದೂರ ಹೋಗುತ್ತೆ ಅಂತ ಮಾತ್ರ ಕೇಳಿದೆ. "ಅಯ್ಯೋ, ಅದು ಓಣಿ ದಾಟಿದ್ರೆ ಹೆಚ್ಚು." ಫ್ಯಾಕ್ಟರಿ ಇರೋದು ಹನ್ನೆರಡು ಕಿಲೋಮೀಟರ್ ಆಚೆ. ಹಾಗಾದ್ರೆ ಎಲ್ಲಿ ಮಿಂದಿತು? ತಲೆ ಓಡ್ತಿಲ್ಲ. ನಾಳೆ ರಜೆ ಹಾಕ್ತೀನಿ.

ಮಾರ್ಚ್ 14, ಬೆಳಿಗ್ಗೆ 11.20

ಪುಟ್ಟಿ ಸ್ಕೂಲಿಗೆ ಹೋದ ಮೇಲೆ ಹಿತ್ತಲಲ್ಲಿ ಕೂತೆ. ಹತ್ತೂವರೆಗೆ ಮೂರೂ ಬಂದು, ಕಾಳು ತಿಂದು, ಗೋಡೆ ಹಾರಿದ್ವು. ಹಿಂದೆಯೇ ಹೋದೆ. ಹಿಂದಿನ ಓಣಿ. ತಗಡು ಮುಚ್ಚಿದ ಹಾಳುಬಾವಿ. ಅಂಚಲ್ಲಿ ಒಂದು ಗುಂಡಿ, ನವಿಲುಹಸಿರು ನೀರು. ಅದರಲ್ಲಿ ಪಟಪಟ ಮೀಯ್ತಿದ್ವು.

ಗಾಲಿ ಗುರುತು. ಅಗಲದ್ದು.

ಅಷ್ಟರಲ್ಲಿ ಹಾರ್ನ್. ರಿವರ್ಸಲ್ಲಿ ಟ್ಯಾಂಕರ್. ಇವರು ಇಳಿದು, ತಗಡು ಸರಿಸಿ, ಪೈಪ್ ಎಳೆದು ಬಾವಿಗೆ ಇಳಿಬಿಟ್ರು. ಆಮೇಲೆ ನನ್ನನ್ನ ನೋಡಿದ್ರು.

"ಬತ್ತಿರೋ ಬಾವಿ ಕಣೇ. ಮಣ್ಣು ಕುಡ್ಕೊಳ್ಳುತ್ತೆ."

"ಎಷ್ಟು ದಿನದಿಂದ?"

"ಪ್ಲಾಂಟಲ್ಲಿ ನಾಲ್ಕು ಗಂಟೆ ಕ್ಯೂ. ನೀನೇ ತಾನೆ ಅಂದಿದ್ದು, ಮಗಳು ಅಪ್ಪನ ಮುಖ ಮರೀತಾಳೆ, ಬೇಗ ಬನ್ನಿ ಅಂತ..."

ಹೌದು. ನಾನೇ ಅಂದಿದ್ದು. ಅಯ್ಯೋ ದೇವರೇ.

ಬಾವಿಯಿಂದ ನಮ್ಮ ಬೋರ್‌ವೆಲ್‌ಗೆ ಇಪ್ಪತ್ತು ಹೆಜ್ಜೆ. ಈಗಷ್ಟೇ ಅಳೆದು ಬಂದೆ. ಓಣಿಯ ಒಂಬತ್ತು ಮನೆಯ ನಲ್ಲಿಗೂ ಅದೇ ನೀರು.

12.25

ಲ್ಯಾಬಲ್ಲಿ ಮಾಡೋ ಹಾಗೇ ಮಾಡಿದೆ. ನಲ್ಲಿ ನೀರು, ಬಿಳಿ ಬಟ್ಟೆ ಚೂರು, ಕುದಿಸಿ ಕಾಲು ಭಾಗಕ್ಕೆ ಇಳಿಸಿದೆ. ಇವರು ಒಲೆ ಪಕ್ಕ ನಿಂತು "ಏನೂ ಇರಲ್ಲ ಬಿಡೇ, ಏನೂ ಇರಲ್ಲ" ಅಂತಲೇ ಇದ್ರು. ಬಟ್ಟೆ ತೆಗೆದು ಹಿಂಡಿದೆ. ಬೇರೆಯವರ ಕಣ್ಣಿಗೆ ಕಾಣದೇ ಇರಬಹುದು, ಅಷ್ಟು ತೆಳು ಬಣ್ಣ.

ನೂರಾ ಹದಿನೆಂಟು.

ಇವರಿಗೂ ಕಾಣ್ತು. ಆಮೇಲೆ ಕೇಳಿದ್ರು — "ಪುಟ್ಟಿ ನೀರಿನ ಬಾಟ್ಲಿ?"

ಬೆಳಿಗ್ಗೆ ನಾನೇ ತುಂಬಿದ್ದು. ಒಂದು ಹನಿ ಉಳಿಸಿಕೊಂಡು ಬಂದ್ರೆ ನೋಡು ಅಂತ ಬೆರಳು ಬೇರೆ ತೋರಿಸಿದ್ದೆ.

ಇವರು ಚಪ್ಪಲೀನೂ ಮೆಟ್ಟದೆ ಓಡಿದ್ರು. ಊಟದ ಬೆಲ್ 12.45ಕ್ಕೆ. ಸ್ಕೂಲ್ ಫೋನ್ ಎಂಗೇಜ್. ಮತ್ತೆ ಎಂಗೇಜ್. ಸುಮ್ನೆ ಕೂತ್ರೆ ಕಿರುಚಿಬಿಡ್ತೀನಿ, ಅದಕ್ಕೇ ಬರೀತಿದ್ದೀನಿ. ಒಂಬತ್ತು ಮನೆಗೂ ಹೇಳ್ಬೇಕು. ಮೊದಲು ಮೇಷ್ಟ್ರಿಗೆ. ಏನಂತ? ಹಕ್ಕಿ ಯಾವುದು ಅಂತ ಗೊತ್ತಾಯ್ತು ಅಂತಾನಾ?

ಸ್ಕೂಲ್ ಫೋನ್ ರಿಂಗ್ ಆಗ್ತಿದೆ.

ಎತ್ತಿದ್ರು —