ನಾಲ್ಕು ಸಾವಿರ ಹೂವು, ನೂರಾ ನಲವತ್ತು ಡಬ್ಬ

ಸಣ್ಣ ವ್ಯಾಪಾರಿಗಳ ಡಿಜಿಟಲ್ ಉತ್ತೇಜನ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನಗೆ ನೂರಕ್ಕೆ ಮೂವತ್ತೊಂದು ಅಂಕ ಬಂದಿದೆ ಎಂಬ ನಿಮ್ಮ ಪತ್ರ ತಲುಪಿತು. ಐವತ್ತೆಂಟನೇ ವಯಸ್ಸಿನಲ್ಲಿ ಮತ್ತೊಮ್ಮೆ ನಪಾಸಾಗುವ ಯೋಗ ಎಲ್ಲರಿಗೂ ಕೂಡಿಬರುವುದಿಲ್ಲ. ಅದಕ್ಕೆ ಮೊದಲು ವಂದನೆ. ಆದರೆ ಅದೇ ಪತ್ರದ ಕೊನೆಯಲ್ಲಿ, ಐವತ್ತಕ್ಕಿಂತ ಕಡಿಮೆ ಅಂಕ ಪಡೆದ ಅಂಗಡಿಗಳನ್ನು ಮೂವತ್ತನೇ ತಾರೀಖಿನ ಶುಕ್ರವಾರದ ಸಭೆಯಾದ ಮೇಲೆ ಮಾರುಕಟ್ಟೆಯ ಹಿಂಬದಿಗೆ, ಮಂಜುಗಡ್ಡೆ ಗೋದಾಮಿನ ಪಕ್ಕಕ್ಕೆ ಸಾಗಿಸಲಾಗುವುದು ಎಂದಿದೆ. ಸೇತುವೆ ಬಾಯಲ್ಲಿ ಇಪ್ಪತ್ತಾರು ವರ್ಷ ಕುಳಿತ ನನ್ನ ಜಾಗಕ್ಕೆ ಹೆಚ್ಚು ಅಂಕದವರು ಬರುತ್ತಾರಂತೆ. ಗೋದಾಮಿಗೆ ಹೋಗಲು ಹತ್ತೊಂಬತ್ತು ಮೆಟ್ಟಿಲು ಇಳಿಯಬೇಕು, ಮೀನಿನ ನೀರು ಹರಿಯುವ ಓಣಿ ದಾಟಬೇಕು. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಅವರು ಇಳಿಯುವುದಿಲ್ಲ. ಇಳಿದರೆ ಹತ್ತುವುದಿಲ್ಲ.

ಅಂಕ ಕಳೆದದ್ದಕ್ಕೆ ಕಾರಣವನ್ನೂ ನಿಮ್ಮ ಗುಮಾಸ್ತರು ದಯವಿಟ್ಟು ನಮೂದಿಸಿದ್ದಾರೆ: "ಪ್ರತಿದಿನ ಬೆಳಿಗ್ಗೆ ಹೂವಿನ ಚಿತ್ರದ ಅನುಪಯುಕ್ತ ಸಂದೇಶ. ಆನ್‌ಲೈನ್ ಬೇಡಿಕೆ: ಸೊನ್ನೆ. ಗ್ರಾಹಕರಿಂದ ಪ್ರತಿಯಾಗಿ ಬರುವುದು ಬರೀ ಹೂವು."

ಸೊನ್ನೆ! ಮಾನ್ಯರೇ, ಈ ಸೊನ್ನೆಯ ಮೇಲೆ ನಾನು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದೇನೆ.

ನನ್ನ ವ್ಯವಹಾರ ಹೀಗಿದೆ. ನಾನು ಅಕ್ಕಿಹಿಟ್ಟು, ತೆಂಗಿನಹಾಲು, ತಾಳೆಬೆಲ್ಲ ಸೇರಿಸಿ ಹಬೆಯಲ್ಲಿ ಬೇಯಿಸಿದ ಪದರದ ಸಿಹಿ ಮಾರುತ್ತೇನೆ. ನಮ್ಮಲ್ಲಿ ವಾರದ ಒಂದೊಂದು ದಿನಕ್ಕೂ ಒಂದೊಂದು ಬಣ್ಣವಷ್ಟೆ, ಆ ದಿನದ ಬಣ್ಣವೇ ಸಿಹಿಯ ಬಣ್ಣ. ಸೋಮವಾರ ಕುಂಬಳದ ಹಳದಿ, ಬುಧವಾರ ಪಂದನ್ ಎಲೆಯ ಹಸಿರು, ಶುಕ್ರವಾರ ಶಂಖಪುಷ್ಪದ ನೀಲಿ. ಬೆಳಿಗ್ಗೆ ಐದೂವರೆಗೆ ತಟ್ಟೆಯ ಪಕ್ಕ ಅದೇ ಬಣ್ಣದ ಒಂದು ಹೂವಿಟ್ಟು ಫೋಟೋ ತೆಗೆದು, "ಶುಭ ಬುಧವಾರ" ಎಂದು ಬರೆದು, ಫೋನಿನ ಲೈನ್ ಆ್ಯಪ್‌ನಲ್ಲಿ ನಾನೂರ ಹನ್ನೆರಡು ಜನರಿರುವ ಗುಂಪಿಗೆ ಹಾಕುತ್ತೇನೆ. ಬೇಕಾದವರು ತಿರುಗಿ ಹೂವು ಕಳಿಸುತ್ತಾರೆ. ಒಂದು ಹೂವಿಗೆ ಒಂದು ಡಬ್ಬ. ಎರಡಕ್ಕೆ ಎರಡು. ಬೇಡದವರು ಸುಮ್ಮನಿರುತ್ತಾರೆ. ಆರೂವರೆಗೆ ಎಣಿಸಿ, ಅಷ್ಟೇ ಬೇಯಿಸುತ್ತೇನೆ. ಸಾಮಾನ್ಯವಾಗಿ ನೂರಾ ನಲವತ್ತು. ಸಂಜೆಗೆ ಉಳಿದು ಹಳಸಿದ್ದು ಇಲ್ಲ. ಬೆಲೆ ಕೇಳುವವರಿಲ್ಲ, ಚೌಕಾಸಿ ಇಲ್ಲ. ಇದನ್ನು ಯಾರೂ ಕೂತು ನಿಯಮ ಮಾಡಲಿಲ್ಲ. ಕನ್ನಡಕ ಮರೆತವರು ಅಕ್ಷರ ಒತ್ತಲಾರದೆ ಹೂವು ಒತ್ತಿದರು, ನಾನು ಡಬ್ಬ ಕಟ್ಟಿದೆ, ಅದೇ ಪದ್ಧತಿಯಾಯಿತು. ನಿಮ್ಮ ಗುಮಾಸ್ತರು ಬೇಡಿಕೆಯನ್ನೇ ಎಣಿಸುತ್ತಾ ಕೂತು "ಬೇಡಿಕೆ ಇಲ್ಲ" ಎಂದು ಬರೆದಿದ್ದಾರೆ. ಮೀನಿನ ಬುಟ್ಟಿ ಎತ್ತಿ ನೋಡಿ "ಇದರಲ್ಲಿ ಬರೀ ಮೀನಿದೆ" ಎಂದಂತೆ.

ಆದರೂ ನಾನು ಹಟಮಾರಿಯಲ್ಲ. ಈ ಪತ್ರ ಬರುವ ಮೊದಲೇ ನೀವು ಕಳಿಸಿದ ತರಬೇತಿಗೂ ಹೋಗಿದ್ದೆ. ಅಲ್ಲಿ ಹೇಳಿದ ಕೆಲವು ಮಾತು ನಿಜಕ್ಕೂ ಒಳ್ಳೆಯವು: ಬೆಳಕಿರುವ ಕಡೆ ಫೋಟೋ ತೆಗೆಯಿರಿ, ದಿನಕ್ಕೆ ಹತ್ತು ಸಂದೇಶ ಹಾಕಿ ಪೀಡಿಸಬೇಡಿ, ಅಂಗಡಿ ತೆರೆಯುವ ಹೊತ್ತು ಎಲ್ಲರಿಗೂ ಕಾಣುವಂತೆ ಬರೆಯಿರಿ. ಎಲ್ಲವನ್ನೂ ಪಾಲಿಸಿದೆ. ಕೊನೆಗೆ ತರಬೇತಿ ಕೊಟ್ಟ ಹುಡುಗಿ ತೇಂಗ್ಮೋ ನನ್ನ ಫೋನ್ ತೆಗೆದುಕೊಂಡು, ತಾನಾಗಿಯೇ ಉತ್ತರ ಕೊಡುವ ಯಂತ್ರವೊಂದನ್ನು ಅದರೊಳಗೆ ಕೂರಿಸಿದಳು.

"ದೊಡ್ಡಮ್ಮಾ, ಇನ್ಮೇಲೆ ನೀವು ಹಿಟ್ಟು ಕಲಸ್ತಾ ಇರಿ, ಮಾತು ಇದು ನೋಡ್ಕೊಳ್ಳತ್ತೆ. ಯಾರೇ ಏನೇ ಕಳಿಸ್ಲಿ, ಒಂದೇ ಸೆಕೆಂಡಲ್ಲಿ ಉತ್ತರ!"

"ಏನಂತ ಉತ್ತರ ಕೊಡತ್ತೆ ಕಣೇ?"

"ಧನ್ಯವಾದ, ನಿಮ್ಮ ದಿನ ಶುಭವಾಗಿರಲಿ, ಅಂತ. ನೋಡಿ, ಚಿತ್ರಾನೂ ಹಾಕಿದೀನಿ."

ಚಿತ್ರದಲ್ಲಿ ಹದಿನೆಂಟರ ಹುಡುಗಿಯೊಬ್ಬಳು ರೇಷ್ಮೆ ಉಟ್ಟು, ತಲೆ ಬಾಗಿಸಿ, ಎರಡೂ ಕೈ ಮುಗಿದು ನಿಂತಿದ್ದಳು. ನನಗೂ ಮುದ್ದೆನಿಸಿತು. ಆಗಲೇ ಹೊಳೆಯಬೇಕಿತ್ತು. ನಮ್ಮ ಊರಿನಲ್ಲಿ ಚಿಕ್ಕವಳು ಕೈಮುಗಿದರೆ ದೊಡ್ಡವರು ಸುಮ್ಮನೆ ಹೋಗುತ್ತಾರೆಯೇ?

ಮಾರನೆಯ ದಿನ ಗುರುವಾರ, ಕಿತ್ತಳೆ. ಐದೂವರೆಗೆ ಫೋಟೋ ಹಾಕಿದೆ. ಮೊದಲ ಹೂವು ಬಂತು. ಯಂತ್ರದ ಹುಡುಗಿ ಕೈಮುಗಿದಳು. ಕಳಿಸಿದವರು, ಪಾಪ, ಮಗು ಕೈಮುಗಿದಿದೆ ಎಂದು ಇನ್ನೊಂದು ಹೂವು ಕಳಿಸಿದರು. ಹುಡುಗಿ ಮತ್ತೆ ಕೈಮುಗಿದಳು. ಅವರು ಮತ್ತೆ ಹೂವು. ಯಾವತ್ತೂ ಸಿಹಿ ಕೊಳ್ಳದೆ ಸುಮ್ಮನಿದ್ದವರೂ, ಇಷ್ಟು ವಿನಯದ ಹುಡುಗಿ ಯಾರಪ್ಪಾ ಎಂದು ಆಶೀರ್ವಾದಕ್ಕೆ ಇಳಿದರು. ಆರೂವರೆಗೆ ಎಣಿಸಲು ಕೂತರೆ ಒಂಬೈನೂರ ಎಪ್ಪತ್ತು ಹೂವು! ಇದರಲ್ಲಿ ಹಸಿವಿನ ಹೂವು ಯಾವುದು, ಮರ್ಯಾದೆಯ ಹೂವು ಯಾವುದು? ದೇವರ ಮೇಲೆ ಭಾರ ಹಾಕಿ ನೂರಾ ನಲವತ್ತು ಡಬ್ಬ ಕಟ್ಟಿದೆ. ಎಂಟಕ್ಕೆಲ್ಲ ಖಾಲಿ.

ಒಂಬತ್ತಕ್ಕೆ ನಿವೃತ್ತ ಶಿಕ್ಷಕಿ ಬುವಾಫಾನ್ ಬಂದರು. ವಯಸ್ಸು ಎಪ್ಪತ್ತನಾಲ್ಕು. ಅಂದು ಅವರ ಯಜಮಾನರ ವರ್ಷಾಬ್ದಿ. ಭಿಕ್ಕುಗಳಿಗೆ ಕೊಡಲು ನಾಲ್ಕು ಡಬ್ಬ ಬೇಕಿತ್ತು.

"ಖಾಲಿಯಾಯ್ತಾ? ಲಮೂನ್, ನಾನು ನಾಲ್ಕು ಹೂವು ಕಳಿಸಿದ್ನಲ್ಲೇ!"

"ಟೀಚರ್, ನೀವು ಮೂವತ್ತೊಂಬತ್ತು ಕಳಿಸಿದೀರಿ."

"ಮತ್ತೇನು ಮಾಡ್ಲಿ? ಆ ಹುಡುಗಿ ಕೈ ಇಳಿಸ್ತಾನೇ ಇಲ್ಲ. ಬೆನ್ನು ನೋಯಲ್ವಾ ಅದಕ್ಕೆ? ಮೊದ್ಲು ನಿಲ್ಲಿಸೋಕೆ ಅವಳಿಗೆ ಹೇಳು. ನಾನಾಗೇ ನಿಲ್ಲಿಸಿದ್ರೆ ಮಗು ಏನಂದ್ಕೊಳ್ಳತ್ತೆ!"

ಹೇಳುತ್ತಲೇ ಇನ್ನೊಂದು ಒತ್ತಿದರು. ನಲವತ್ತು. ಆಮೇಲೆ ಬಾಳೆಹಣ್ಣು ಕೊಂಡು ದೇವಾಲಯಕ್ಕೆ ನಡೆದರು. ಆ ಬಾಳೆಹಣ್ಣು ನನ್ನ ಕಣ್ಣಿಗೆ ಇನ್ನೂ ಕಟ್ಟಿದೆ.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಾವಿರದ ನೂರಾ ಆರು ಹೂವು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನು ಹೂವು ಕಳಿಸುತ್ತಿದ್ದ, ಬೋಳಿಸುತ್ತಿದ್ದವನೂ ಕತ್ತಿ ಕೆಳಗಿಟ್ಟು ಕಳಿಸುತ್ತಿದ್ದ. ಫೋನ್ ಕಾದು, ಅದರ ಮೇಲೆ ಒಂದು ಪದರ ಸಿಹಿ ಬೇಯಿಸಬಹುದಿತ್ತು. ತೇಂಗ್ಮೋಗೆ ಕರೆ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೂಗಿದಳು.

"ದೊಡ್ಡಮ್ಮಾ, ಏನೂ ಮುಟ್ಟಬೇಡಿ! ಇಡೀ ಜಿಲ್ಲೆಗೇ ಮೊದಲು ನೀವು! ತೊಂಬತ್ತಾರು ಅಂಕ! ಆಫೀಸಲ್ಲಿ ಎಲ್ರೂ ಚಪ್ಪಾಳೆ ಹೊಡೀತಿದಾರೆ!"

"ಚಪ್ಪಾಳೆ ಹೊಡೆಯೋ ಕೈ ಎಲ್ಲಾ ಇಲ್ಲಿಗೆ ಕಳಿಸಮ್ಮಾ. ನಾಲ್ಕು ಸಾವಿರ ಡಬ್ಬ ಕಟ್ಟಬೇಕು."

"ಡಬ್ಬಾನಾ? ಯಾವ ಡಬ್ಬ?"

ಹೇಳಿದೆ. ಆಮೇಲೆ ಅವಳು ನಗಲು ಶುರು ಮಾಡಿದಳು ನೋಡಿ, ನನಗೂ ತಡೆಯಲಾಗಲಿಲ್ಲ. ಇಬ್ಬರೂ ಬಿಕ್ಕಳಿಕೆ ಬರುವವರೆಗೆ ನಕ್ಕೆವು. ಹನ್ನೆರಡೂವರೆಗೆ ಅವಳೇ ಬಂದು ಯಂತ್ರ ಆರಿಸಿದಳು. ಒಳ್ಳೆಯ ಹುಡುಗಿ, ಅವಳ ಮೇಲೆ ಕ್ರಮ ಬೇಡ. ಶುಕ್ರವಾರ ಮತ್ತೆ ನಾನೇ ಫೋಟೋ ಹಾಕಿದೆ, ನೂರಾ ಮೂವತ್ತೆಂಟು ಹೂವು ಬಂತು, ನೂರಾ ಮೂವತ್ತೆಂಟು ಡಬ್ಬ ಹೋಯಿತು. ನಿಮ್ಮ ಲೆಕ್ಕದಲ್ಲಿ ಅಂದೇ ನನ್ನ ಅಂಕ ಮೂವತ್ತೊಂದಕ್ಕೆ ಕುಸಿಯಿತು.

ಈಗ ಹೇಳಿ ಮಾನ್ಯರೇ. ವಿಧವೆಯೊಬ್ಬರು ಡಬ್ಬವಿಲ್ಲದೆ ಹೋದ ದಿನ ತೊಂಬತ್ತಾರು, ಬಂದವರೆಲ್ಲ ಡಬ್ಬ ಹಿಡಿದು ಹೋದ ದಿನ ಮೂವತ್ತೊಂದು. ಇದು ವ್ಯಾಪಾರದ ಅಳತೆಯೋ, ಗದ್ದಲದ ಅಳತೆಯೋ? ಗದ್ದಲಕ್ಕೇ ಅಂಕವಾದರೆ ನಮ್ಮ ಮಾರುಕಟ್ಟೆಯ ಬಾತುಕೋಳಿಗಳಿಗೆ ಸೇತುವೆ ಬಾಯಿ ಬಿಟ್ಟುಕೊಡಿ, ನಾನು ತಕರಾರು ಮಾಡುವುದಿಲ್ಲ. ಆನ್‌ಲೈನ್ ಸಾಧನ ಬೇಡವೆಂದು ನಾನು ಹೇಳುತ್ತಿಲ್ಲ. ಹನ್ನೊಂದು ವರ್ಷದಿಂದ ಅದರಲ್ಲೇ ಬದುಕುತ್ತಿದ್ದೇನೆ. ಗಿರಾಕಿ ಏನು ಕಳಿಸಿದ ಎಂದು ತಿಳಿದವರು ಉತ್ತರ ಕೊಡಲಿ ಎನ್ನುತ್ತಿದ್ದೇನೆ, ಅಷ್ಟೆ.

ನನ್ನ ಬೇಡಿಕೆ ಮೂರೇ ಮಾತಿನದು. ಸ್ಥಳಾಂತರದ ಆದೇಶ ಹಿಂಪಡೆಯಿರಿ. ಮೂವತ್ತರ ಮೊದಲು ಒಂದು ದಿನ ಬೆಳಿಗ್ಗೆ ಐದೂವರೆಗೆ ನನ್ನ ಅಂಗಡಿಗೆ ಬಂದು, ಹೂವುಗಳನ್ನೂ ಡಬ್ಬಗಳನ್ನೂ ನೀವೇ ಎಣಿಸಿ, ಆಮೇಲೆ ಅಂಕ ಹಾಕಿ. ಬರುವಾಗ ಸೊನ್ನೆ ಬರೆದ ಗುಮಾಸ್ತರನ್ನೂ ಕರೆತನ್ನಿ. ಅವರ ಪರಿಚಯ ನನಗೆ ಚೆನ್ನಾಗಿದೆ. ಪ್ರತಿ ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ, ನಿಮ್ಮ ಸಭೆಗೆಂದು, ತಪ್ಪದೆ ಆರು ನೀಲಿ ಹೂವು ಕಳಿಸುವವರು ಅವರೇ. ನನ್ನನ್ನು ಹಿಂಬದಿಗೆ ತಳ್ಳಬೇಕೆಂದು ನೀವೆಲ್ಲ ತೀರ್ಮಾನಿಸಿದ ದಿನವೂ ಮೇಜಿನ ಮೇಲೆ ಆರು ಡಬ್ಬ ಇದ್ದವು. ಖಾಲಿ ಡಬ್ಬಗಳು ಸಂಜೆ ವಾಪಸು ಬಂದವು. ಒಂದು ಚೂರೂ ಉಳಿದಿರಲಿಲ್ಲ.

ಈ ಪತ್ರಕ್ಕೆ ಉದ್ದನೆಯ ಉತ್ತರ ಬೇಡ. ಒಪ್ಪಿಗೆಯಿದ್ದರೆ ಒಂದು ಹೂವು ಕಳಿಸಿ, ಸಾಕು. ನಿಮ್ಮ ಕೈಯಿಂದಲೇ ಕಳಿಸಿ, ಯಂತ್ರಕ್ಕೆ ಹೇಳಬೇಡಿ. ಒಂದೇ ಕಳಿಸಿ. ಏಳನೆಯ ಡಬ್ಬ ಕಟ್ಟಿಡುತ್ತೇನೆ.

ಇಂತಿ,
ಮೂವತ್ತನೇ ತಾರೀಖಿನವರೆಗೆ ಸೇತುವೆ ಬಾಯಲ್ಲೇ ಸಿಗುವ,
ಒಂದು ಗುರುವಾರ ಮಾತ್ರ ಜಿಲ್ಲೆಗೇ ಮೊದಲಿಗಳಾಗಿದ್ದ
ಲಮೂನ್