ಕತ್ತರಿಸಿದ ಮಾತು

ಡುಲೂತ್, ಮಾರ್ಚ್ 9

ಮಾನ್ಯ ಆರ್ವಿಡ್ ಲಿಂಡ್‌ಕ್ವಿಸ್ಟ್ ಅವರಿಗೆ,

ನೀವು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ನಿಮ್ಮ ಬಾಗಿಲಡಿ ತೂರಿಸುತ್ತಿದ್ದೇನೆ.

ನನ್ನ ಗೃಹಸಾಲದ ಕಚೇರಿಯತ್ತ ಯಾರೂ ತಲೆಹಾಕದಿದ್ದಾಗ, ನಲವತ್ತು ವರ್ಷ ಮನೆಗಳ ತಳಪಾಯ ಪರೀಕ್ಷಿಸಿದ ನಿಮ್ಮನ್ನು ಕ್ಯಾಮೆರಾದ ಮುಂದೆ ಕೂರಿಸಿ ಸಂದರ್ಶನ ಮಾಡಿದೆ. ಆ ವಿಡಿಯೋದಲ್ಲಿ ನಿಮ್ಮ ಮುಖ ನೋಡಿಯೇ ಜನ ಬಂದರು. "ಹೊಳೆದಂಡೆ ಬೀದೀಲಿ ಮಾತ್ರ ಮನೆ ತಗೋಬೇಡಿ ಅಂತ ಹೇಳಮ್ಮ, ಅಲ್ಲಿ ನೆಲ ಕುಸೀತಿದೆ" ಎಂದಿದ್ದಿರಿ. ಆ ಮಾತನ್ನು ನಾನು ವಿಡಿಯೋದಿಂದ ಕತ್ತರಿಸಿದೆ. ಅದೇ ಬೀದಿಯ ಮನೆಗಳಿಗೆ ಸಾಲ ಕೇಳಿದ ಮೂರು ಅರ್ಜಿಗಳು ಆಗ ನನ್ನ ಮೇಜಿನ ಮೇಲಿದ್ದವು.

ನನ್ನಿಂದ ಸಾಲ ಪಡೆದು ಅಲ್ಲಿ ಮನೆ ಕೊಂಡ ರೊವೀನಾ ಪೈಕ್ ನಿನ್ನೆ ಬಂದಿದ್ದಳು. ನೆಲಮಾಳಿಗೆಯ ಗೋಡೆ ಒಳಕ್ಕೆ ಬಾಗಿದೆಯಂತೆ. "ಆ ತಾತ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ಅತ್ತಳು.

ಇಂದು ಬೆಳಿಗ್ಗೆ ಅವಳ ಮನೆಗೇ ಹೋಗಿ ಪೂರ್ತಿ ಸಂದರ್ಶನ ತೋರಿಸಿದೆ. ಮನೆ ಖಾಲಿ ಮಾಡು ಎಂದೆ. "ಇನ್ನೂ ನಿನ್ ಮಾತು ಕೇಳ್ಬೇಕಾ?" ಎಂದು ಬಾಗಿಲು ಹಾಕಿಕೊಂಡಳು. ಅವಳ ಇಬ್ಬರು ಮಕ್ಕಳು ಮಲಗುವುದು ಆ ಗೋಡೆಯ ಪಕ್ಕದಲ್ಲೇ.

ನೀವು ಹೇಳಿದರೆ ಕೇಳುತ್ತಾಳೆ. ದಯವಿಟ್ಟು ಬನ್ನಿ. ನನ್ನನ್ನು ಬೈಯುವುದಿದ್ದರೆ ದಾರಿಯಲ್ಲಿ ಬೈಯಿರಿ.

ನಿಮ್ಮ ಮನೆಯ ಮುಂದೆ ಕಾರಿನಲ್ಲಿ ಕೂತಿರುವ,
ಲೊರೇನ್ ಹಕಾಲ