ಅಡ್ಡಗಾರನಾಗಿದ್ದ ಹನ್ನೊಂದು ವರ್ಷ

ಕಲಬುರಗಿ
ಕಡುಬೇಸಗೆಯ ಎರಡನೆಯ ತಿಂಗಳು, ಒಂಬತ್ತನೆಯ ದಿನ, 2209

ಎರಡು ಶತಮಾನಗಳ ಹಿಂದಿನ ಹಿರಿಯರಿಗೆ ದೇವೀಂದ್ರಪ್ಪ ಹಾಗರಗಿಯ ಶರಣಾರ್ಥಿಗಳು.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗಲಾರದು. ನಿಮಗೆ ಬೇಸಗೆ ಒಂದೇ ಇತ್ತಂತೆ, ನಮಗೆ ಎರಡಿವೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ಎಪ್ಪತ್ತು ದಾಟಿದವರು ಹಿಂದಿನವರಿಗೊಂದು ಪತ್ರ ಬರೆದು ಊರ ಗ್ರಂಥಾಲಯಕ್ಕೆ ಕೊಡುವುದು ನಮ್ಮಲ್ಲಿ ರೂಢಿ. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಹೆಚ್ಚಿನವರು ಮಳೆಯ ಬಗ್ಗೆ, ಹಕ್ಕಿಗಳ ಬಗ್ಗೆ ವಿಚಾರಿಸಿ ಬರೆಯುತ್ತಾರೆ. ನನಗೆ ಚೆನ್ನಾಗಿ ಗೊತ್ತಿರುವುದು ಐಸ್ ಹಾಕಿಯೊಂದೇ. ನಿಮ್ಮ ಕಾಲದ ಚಳಿ ದೇಶಗಳಲ್ಲಿ ಆಟಗಾರರು ಪಂದ್ಯದ ನಡುವೆ ಕೈಗವಸು ಕಳಚಿ ಗುದ್ದಾಡುತ್ತಿದ್ದರೆಂದೂ, ಅದರಿಂದ ಆಟಕ್ಕೆ ಉಪಯೋಗವಿದೆಯೇ ಎಂದು ನೀವು ವಾದಿಸುತ್ತಿದ್ದಿರೆಂದೂ ಓದಿದ್ದೇನೆ. ಆ ವಾದ ನಮ್ಮ ಕಾಲದವರೆಗೂ ಮುಗಿದಿರಲಿಲ್ಲ.

ಕಲಬುರಗಿಯಲ್ಲಿ ಮಂಜುಗಡ್ಡೆಯ ಆಟವೇ ಎಂದು ನಿಮಗೆ ನಗು ಬರಬಹುದು. ಕಡುಬೇಸಗೆಯಲ್ಲಿ ಬೆಳಗಿನ ಹತ್ತರಿಂದ ಸಂಜೆಯ ಐದರವರೆಗೆ ನಾವು ಬಯಲಿಗೆ ಕಾಲಿಡುವುದಿಲ್ಲ. ಊರಿಗೆ ಊರೇ ಹಿಮಶಾಲೆಗೆ ಬರುತ್ತದೆ. ಬಿಸಿಲಿನ ಬಲದಿಂದಲೇ ತಂಪು ಮಾಡುವ ದೊಡ್ಡ ಕಟ್ಟಡವದು. ನಡುವೆ ಮಂಜುಗಡ್ಡೆಯ ಅಂಗಳ, ಸುತ್ತ ಮೆಟ್ಟಿಲುಗಳು. ಅಜ್ಜಿಯರು ಕೌದಿ ಹೊದ್ದು ಶೇಂಗಾ ಸುಲಿಯುತ್ತಾ ಕೂರುತ್ತಾರೆ. ಮೇಲಿನ ಸಾಲಿನಲ್ಲಿ ಶಾಲೆ ನಡೆಯುತ್ತದೆ, ಕೆಳಗೆ ದರ್ಜಿಗಳು ಹೊಲಿಯುತ್ತಾರೆ. ಮೂರು ಗಂಟೆಗೆ ಪಂದ್ಯ ಶುರುವಾದರೆ ಹೊಲಿಗೆ ಯಂತ್ರಗಳೂ ನಿಲ್ಲುತ್ತವೆ. ಅಲ್ಲಿ ಹುಟ್ಟಿದ ಆಟವೇ ನಮ್ಮಲ್ಲಿ ವೃತ್ತಿಯಾಯಿತು. ಬೀದರ, ವಿಜಯಪುರ, ರಾಯಚೂರು, ಒಂದೊಂದು ಊರಿಗೂ ಸಂಬಳದ ತಂಡಗಳು ಬಂದವು.

ಪ್ರತಿ ತಂಡದಲ್ಲೂ ಒಬ್ಬ ಅಡ್ಡಗಾರ ಇರುತ್ತಿದ್ದ. ನಮ್ಮ ಚುರುಕಿನ ಆಟಗಾರನಿಗೆ ಎದುರಾಳಿ ಕೋಲಿನಿಂದ ಬೇಕೆಂದೇ ಬಾರಿಸಿದರೆ, ಅವನ ಪರವಾಗಿ ಅಡ್ಡ ಬಂದು ಮುಷ್ಟಿ ಬೀಸುವವನು. ಹೊಡೆದವನ ಕಡೆಯಿಂದಲೂ ಹೆಚ್ಚಾಗಿ ಅಡ್ಡಗಾರನೇ ಬರುತ್ತಿದ್ದ. ಇಬ್ಬರೂ ಗುದ್ದಾಡಿ ಐದು ನಿಮಿಷ ಹೊರಗೆ ಕೂತರೆ ಲೆಕ್ಕ ಚುಕ್ತಾ ಆದಂತೆ. ನಾನು ಕಲಬುರಗಿಗೆ ಹನ್ನೊಂದು ವರ್ಷ ಅಡ್ಡಗಾರನಾಗಿದ್ದೆ. ನಾನು ಕಾಯುತ್ತಿದ್ದುದು ಮಲ್ಲಿನಾಥ ಕುಂಬಾರನನ್ನು. ಸಣ್ಣ ಆಳು, ಆದರೆ ನಾವು ಚೆಂಡಿನ ಬದಲು ಆಡುವ ಬಿಲ್ಲೆ ಅವನ ಕೋಲಿಗೆ ಅಂಟಿಕೊಂಡಂತೆ ಓಡುತ್ತಿತ್ತು. ಅವನನ್ನು ತಡೆಯಲಾಗದವರು ಅವನ ಮಣಿಕಟ್ಟಿಗೆ, ಮೊಣಕಾಲಿಗೆ ಹೊಡೆಯುತ್ತಿದ್ದರು. ದೇವೀಂದ್ರಪ್ಪ ಇಲ್ಲದಿದ್ದರೆ ಇವನು ಒಂದು ವರ್ಷವೂ ಆಡಲಾರ ಎಂದು ಊರೆಲ್ಲ ಹೇಳುತ್ತಿತ್ತು. ನಾನೂ ನಂಬಿದ್ದೆ.

ವಿಜಯಪುರದ ಅಡ್ಡಗಾರ ಲಾಲಸಾಬ ನದಾಫ. ನಾವಿಬ್ಬರೂ ಇಪ್ಪತ್ಮೂರು ಸಲ ಗುದ್ದಾಡಿದ್ದೇವೆ. ನನ್ನ ಮೂಗು ಎರಡು ಸಲ ಮುರಿದವನು ಅವನೇ, ನನ್ನ ತಂಗಿಯ ಮದುವೆಗೆ ಎರಡು ದಿನ ಮುಂಚೆ ಬಂದು ಬಡಿಸಲು ನಿಂತವನೂ ಅವನೇ. ಅಡ್ಡಗಾರರಿಗೆ ತಮ್ಮದೇ ನೀತಿಯಿತ್ತು. ಕೇಳದೆ ಹೊಡೆಯಬಾರದು, ಬಿದ್ದವನನ್ನು ಮುಟ್ಟಬಾರದು. ಲಾಲಸಾಬ ಹತ್ತಿರ ಬಂದು ಮೆಲ್ಲಗೆ, "ನಡೀತದೇನಪಾ?" ಎನ್ನುತ್ತಿದ್ದ. ನಾನು "ನಡೀಲಿ" ಎನ್ನುತ್ತಿದ್ದೆ. ಆಮೇಲೆ ಕೈಗವಸುಗಳು ಕೆಳಗೆ ಬೀಳುತ್ತಿದ್ದವು, ಮೆಟ್ಟಿಲ ಮೇಲಿನ ಜನ ಎದ್ದು ನಿಲ್ಲುತ್ತಿದ್ದರು.

ಹನ್ನೊಂದನೆಯ ವರ್ಷ, ವಿಜಯಪುರದ ಹಿಮಶಾಲೆ. ಮೊದಲ ಭಾಗದಲ್ಲೇ ನಾವು ಒಮ್ಮೆ ಗುದ್ದಾಡಿ ಐದು ನಿಮಿಷ ಕೂತು ಬಂದಿದ್ದೆವು. ಸ್ವಲ್ಪ ಹೊತ್ತಿಗೆ ಅವನು ಮತ್ತೆ ಬಂದು, "ನಡೀತದೇನಪಾ?" ಎಂದ. ಕಾರಣವೇ ಇರಲಿಲ್ಲ.

"ಈಗಷ್ಟೇ ಆಯ್ತಲ್ಲೋ," ಎಂದೆ.

ಅವನು ನನ್ನ ಅಂಗಿಯ ಕೊರಳು ಹಿಡಿದುಕೊಂಡು ಸುತ್ತ ನೋಡಿದ. ಇಪ್ಪತ್ತು ವರ್ಷ ಅವನು ಆಡಿದ ಅಂಗಳ ಅದು. "ದೇವಿಂದ್ರ," ಎಂದ, "ಇದು ಯಾವ ಊರೋ?"

ಜನ ಎದ್ದು ನಿಂತಿದ್ದರು. ನಾನು ಅವನನ್ನು ಅಪ್ಪಿ ಹಿಡಿದು ಮಂಜುಗಡ್ಡೆಯ ಮೇಲೆ ಬಿದ್ದೆ, ರೆಫರಿ ಬರುವವರೆಗೂ ಬಿಡಲಿಲ್ಲ. ಜನ ಕೂಗಿ ಹೀಯಾಳಿಸಿದರು. ಪಂದ್ಯ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯ ಹೊರಗೆ ಅವನು ನನ್ನ ಕೈ ಹಿಡಿದು, "ಯಾರಿಗೂ ಹೇಳಬ್ಯಾಡ. ಮುಂಜಾನಿಗೆ ಸರಿ ಆಗ್ತದ. ಇದು ಬಿಟ್ರ ನನಗ ಬ್ಯಾರೆ ಏನ್ ಬರ್ತದ, ಹೇಳು," ಎಂದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ನಾಲ್ಕು ದಿನ ಅವನ ತಲೆಗೆ ಬಿದ್ದ ಹೊಡೆತಗಳಲ್ಲಿ ನನ್ನವೆಷ್ಟು ಎಂದು ಎಣಿಸುತ್ತಾ ಹೋದೆ. ಐದನೆಯ ದಿನ ಅವರ ತಂಡದ ವೈದ್ಯೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಲಾಲಸಾಬನ ಆಟ ಅಲ್ಲಿಗೆ ನಿಂತಿತು. ಅವನು ಹೇಳಿ ಕಳಿಸಿದ್ದು ಒಂದೇ ಮಾತು: "ಗುದ್ದಿದ್ದಕ್ಕ ಬ್ಯಾಸರ ಇಲ್ಲ. ಮಾತಿಗೆ ತಪ್ಪಿದಿ." ಆಮೇಲೆ ಮೂರು ವರ್ಷ ಅವನು ನನ್ನ ಮುಖ ನೋಡಲಿಲ್ಲ.

ಅದೇ ವರ್ಷ ಅಡ್ಡಗಾರರು ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ಎಲ್ಲ ತಂಡಗಳ ಸಭೆ ಕರೆದರು. ಇರಬೇಕೆಂದು ಮಾತಾಡಲು ಅಡ್ಡಗಾರರೆಲ್ಲ ನನ್ನನ್ನೇ ಆರಿಸಿದರು. ಒಳ್ಳೆಯ ವಾದವೇ ಇತ್ತು ನಮ್ಮದು. ಮುಷ್ಟಿಯ ಭಯ ಇಲ್ಲದಿದ್ದರೆ ಕೋಲುಗಳು ಮೇಲೇಳುತ್ತವೆ. ಗುದ್ದಾಟವೇ ಆಟವನ್ನು ಶುದ್ಧವಾಗಿಡುತ್ತದೆ. ನಾನದನ್ನು ಈಗಲೂ ಪೂರ್ತಿ ಸುಳ್ಳು ಎನ್ನಲಾರೆ. ರಾಯಚೂರಿನವನೊಬ್ಬ ನನ್ನ ಕೈಯ ಪೆಟ್ಟು ತಿಂದ ಮೇಲೆ ಮಲ್ಲಿನಾಥನ ಹತ್ತಿರ ಸುಳಿಯಲಿಲ್ಲ. ಸಭೆಯಲ್ಲಿ ಸಾಕ್ಷಿ ಹೇಳು ಎಂದು ಕೇಳಲು ಮಲ್ಲಿನಾಥನ ಮನೆಗೆ ಹೋದೆ. ಅವನ ತಾಯಿ ಕೊಟ್ಟ ಚಹಾ ಕುಡಿಯುತ್ತಾ, "ನಾ ಇದ್ದಿದ್ದಕ್ಕ ನಿನಗ ಧೈರ್ಯ ಇತ್ತಲ್ಲ, ಅಷ್ಟು ಹೇಳಿದ್ರ ಸಾಕು," ಎಂದೆ.

ಅವನು ಎಡಗೈ ಮುಂದೆ ಚಾಚಿದ. ಮಣಿಕಟ್ಟಿನ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು.

"ಇದು ಬೀದರದಾಗ ಮುರೀತು, ಅಣ್ಣ. ನಿನಗ ಹೇಳಲಿಲ್ಲ."

"ಯಾಕೋ?"

"ಹೇಳಿದ್ರ ನೀ ಕೈಗವಸು ಕಳೀತಿದ್ದಿ. ಆ ವಾರದಾಗ ನಿನಗ ಎಲ್ಲಾ ಎರಡೆರಡು ಕಾಣ್ಲತ್ತಿತ್ತು, ನನಗ ಗೊತ್ತಿತ್ತು. ಎಷ್ಟು ಹೊಡೆತ ಬಿದ್ರೂ ಬಿದ್ದಿಲ್ಲ ಅಂದೀನಿ. ಹೊಡೆಯೋರ ಅಂಜಿಕಿ ನನಗ ಅಷ್ಟಿರಲಿಲ್ಲ. ನನ್ನ ಸಲುವಾಗಿ ನೀ ಎಲ್ಲಿ ಸಾಯ್ತಿ ಅಂತ ಅಂಜ್ತಿದ್ದೆ."

ಅವನ ತಾಯಿ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಅದು ಅಂದೇ ತಿಳಿದದ್ದು. ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಇವನನ್ನು ನಾನು ಕಾಯುತ್ತಿದ್ದೇನೆ ಎಂದು ಬೀಗಿದ್ದ ಅಷ್ಟೂ ವರ್ಷ ಇವನೇ ಮೈಮೇಲೆ ಪೆಟ್ಟು ತಿಂದು ನನ್ನನ್ನು ಕಾಯ್ದಿದ್ದ. ಅವನು ಬಾಯಿ ಬಿಡದ್ದರಿಂದ ಕೋಲೆತ್ತಿದವರಿಗೆ ಏನೂ ಶಿಕ್ಷೆಯಾಗಿರಲಿಲ್ಲ.

ಸಭೆಯಲ್ಲಿ ನಾನು ಬರೆದುಕೊಂಡು ಹೋಗಿದ್ದ ಮಾತುಗಳನ್ನು ಓದಲಿಲ್ಲ. ಲಾಲಸಾಬನ ಪ್ರಶ್ನೆಯನ್ನೂ ಮಲ್ಲಿನಾಥನ ಮಣಿಕಟ್ಟನ್ನೂ ಹೇಳಿ ಕೂತೆ. ಗುದ್ದಾಡಿದವನು ಆ ವರ್ಷವಿಡೀ ಹೊರಗೆ, ಕೋಲೆತ್ತಿದವನೂ ಅಷ್ಟೇ ಎಂದು ನಿಯಮವಾಯಿತು. ಮರುದಿನದಿಂದ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ವರ್ಷ ಕೋಲಿನ ಪೆಟ್ಟುಗಳು ಹೆಚ್ಚಾದವು, ನನ್ನ ಹಳೆಯ ಸಂಗಾತಿಗಳು "ನೋಡಿದೇನು?" ಎಂದರು. ರೆಫರಿಗಳು ಹೆದರದೆ ದೊಡ್ಡ ಆಟಗಾರರನ್ನೂ ಹೊರಹಾಕಲು ಕಲಿತ ಮೇಲೆ ಕಡಿಮೆಯಾದವು. ಅವರು ಮಾಡಬೇಕಿದ್ದ ಕೆಲಸವನ್ನೇ ಅಷ್ಟು ಕಾಲ ನಾವು ಮಾಡಿದ್ದೆವು, ಅದೂ ಅರೆಬರೆ. ಕೆಲಸ ಹೋದ ಅಡ್ಡಗಾರರಲ್ಲಿ ಇಬ್ಬರು ಸಾಯುವವರೆಗೂ ನನ್ನನ್ನು ಬೈದರು. ಅದು ನನಗೆ ಸಲ್ಲಬೇಕಾದದ್ದೇ.

ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ಲಾಲಸಾಬನ ಹೆಂಡತಿ ರಾಬಿಯಾ ಅವನನ್ನು ಕರೆದುಕೊಂಡು ಕಲಬುರಗಿಯ ಹಿಮಶಾಲೆಗೆ ಬಂದಳು. ಅವನು ನೇರವಾಗಿ ಬಂದು ನನ್ನ ಪಕ್ಕದಲ್ಲಿ ಕೂತು, "ಆರಾಮಿದ್ದೀಯೇನಪಾ? ತಂಗಿ ಹೆಂಗಿದ್ದಾಳ?" ಎಂದು ಕೇಳಿದ. ನನ್ನನ್ನು ಕ್ಷಮಿಸಿದನೋ, ಸಿಟ್ಟನ್ನೇ ಮರೆತನೋ, ತಿಳಿಯಲಿಲ್ಲ. ರಾಬಿಯಾಳ ಮುಖ ನೋಡಿದೆ. "ಕೇಳಬ್ಯಾಡಣ್ಣ," ಎಂದಳು. ನಾನು ಕೇಳಲಿಲ್ಲ. ಅವನು ತೀರಿಕೊಳ್ಳುವವರೆಗೆ ಆರು ಕಡುಬೇಸಗೆ ನಾವು ಜೊತೆಯಲ್ಲಿ ಕೂತು ಪಂದ್ಯ ನೋಡಿದೆವು.

ಹಿರಿಯರೇ, ನಿಮಗೆ ಬುದ್ಧಿ ಹೇಳುವ ವಯಸ್ಸು ನನ್ನದಲ್ಲ; ನಿಮ್ಮ ಮುಂದೆ ನಾನಿನ್ನೂ ಹುಟ್ಟದವನು. ಒಂದು ಕೋರಿಕೆಯಿದೆ. ನಿಮ್ಮ ಅಂಗಳದಲ್ಲಿ ಇಬ್ಬರು ಗುದ್ದಾಡಲು ನಿಂತಾಗ, ಅದು ಆಟಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಅವರನ್ನು ಕೇಳಬೇಡಿ, ಚಪ್ಪಾಳೆ ತಟ್ಟುವವರನ್ನೂ ಕೇಳಬೇಡಿ. ಯಾರ ಸಲುವಾಗಿ ಅದು ನಡೆದಿದೆಯೋ ಅವನನ್ನು ಕರೆದು ಕೂಡಿಸಿ, ಬೇರೆ ಯಾರೂ ಇಲ್ಲದಾಗ ಕೇಳಿ. ನಾನು ಹನ್ನೊಂದು ವರ್ಷ ತಡ ಮಾಡಿದೆ.

ಇನ್ನು ಅಪ್ಪಣೆ ಕೊಡಿ.

ದೇವೀಂದ್ರಪ್ಪ ಹಾಗರಗಿ